ಗಿಡ ನೆಟ್ಟರೆ ಕಾಡಾಗುತ್ತದೆಯೇ? ಮಳೆಕಾಡು, ಇಂಗಾಲ ಮತ್ತು ಆನಮಲೈ ಅಧ್ಯಯನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ 5ರ ಪರಿಸರ ದಿನದಿಂದ ಜುಲೈ ಮೊದಲ ವಾರದ ವನಮಹೋತ್ಸವದವರೆಗೆ ಮಲೆನಾಡಿನ ಶಾಲೆ, ಸಹಕಾರ ಸಂಘ, ಯುವಕ ಮಂಡಳಿಗಳಲ್ಲಿ ಕಾಡಿನ ಬಗ್ಗೆ ಮಾತಾಡಲು ಹೋಗುತ್ತೇನೆ. ಪ್ರತಿವರ್ಷ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ನಿಂತ ನಿಲುವಿನಲ್ಲಿ ಹೇಳಿದ ಉತ್ತರ ಅರ್ಧಕ್ಕೇ ನಿಂತುಬಿಡುತ್ತದೆ, ಹಾಗಾಗಿ ಇಲ್ಲಿ ಬಿಡಿಸಿ ಬರೆದಿದ್ದೇನೆ. ಉತ್ತರಗಳಿಗೆ ನಾನು ಹೆಚ್ಚಾಗಿ ನೆಚ್ಚಿಕೊಂಡಿರುವುದು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕ ಆನಂದ್ ಓಸುರಿ ಮತ್ತು ಅವರ ಜೊತೆಗಾರರು ಪಶ್ಚಿಮ ಘಟ್ಟದಲ್ಲಿ ನಡೆಸಿದ ಅಧ್ಯಯನಗಳನ್ನು. ಗಿಡ ನೆಡುವ ಉತ್ಸಾಹ ನಮ್ಮಲ್ಲಿ ಬೇಕಾದಷ್ಟಿದೆ. ಕಾಡು ಅಂದರೆ ಏನೆಂಬ ತಿಳಿವಳಿಕೆ ಅದರ ಜೊತೆಗೆ ಸೇರಲಿ ಎಂಬುದು ನನ್ನ ಆಸೆ.

ನಿಸರ್ಗಾಧಾರಿತ ಹವಾಮಾನ ಪರಿಹಾರ ಅಂತಾರಲ್ಲ, ಹಾಗೆಂದರೇನು?

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕಾಡು, ಹುಲ್ಲುಗಾವಲು, ಜೌಗು, ಮ್ಯಾಂಗ್ರೋವ್, ಹೊಲದ ಮಣ್ಣು ಇವೆಲ್ಲ ಹೀರಿ ಹಿಡಿದಿಟ್ಟುಕೊಳ್ಳುತ್ತವೆ. ಇವನ್ನು ಉಳಿಸುವುದು, ಹಾಳಾಗಿದ್ದರೆ ಸರಿಪಡಿಸುವುದು, ಬಳಸುವಾಗ ಎಚ್ಚರದಿಂದ ಬಳಸುವುದು, ಈ ಮೂರೂ ಸೇರಿ ಆ ಹೆಸರು. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಲೆಕ್ಕಾಚಾರದ ಪ್ರಕಾರ, ಭೂಮಿಯ ಬಿಸಿ ಏರಿಕೆಯನ್ನು 2 ಡಿಗ್ರಿಯೊಳಗೆ ಹಿಡಿಯಲು 2030ರವರೆಗೆ ಆಗಬೇಕಾದ, ಖರ್ಚಿಗೆ ತಕ್ಕ ಫಲ ಕೊಡುವ ಕೆಲಸದಲ್ಲಿ ಸುಮಾರು 37% ಹೀಗೆ ನಿಸರ್ಗದಿಂದಲೇ ಆಗಬಹುದು. ಈ ಸಂಖ್ಯೆ ಹೊರಬಿದ್ದ ಮೇಲೆ ಮರ ನೆಡುವ ಘೋಷಣೆಗಳು ಜಗತ್ತಿನಾದ್ಯಂತ ಹೆಚ್ಚಿದವು. ಆದರೆ ಆ ಮೂರು ಕೆಲಸಗಳಲ್ಲಿ ಮೊದಲನೆಯದು ಉಳಿಸುವುದು. ಅದನ್ನು ಹಿಂದೆ ಸರಿಸಿ ನೆಡುವುದನ್ನೇ ಮುಂದೆ ತಂದದ್ದು ತಪ್ಪು ಎಂದು ನನಗನಿಸುತ್ತದೆ.

ಈ ಅಧ್ಯಯನ ನಡೆದ ಜಾಗ ಎಲ್ಲಿದೆ? ಅಲ್ಲೇ ಯಾಕೆ?

ಹೆಚ್ಚಿನ ಕೆಲಸ ತಮಿಳುನಾಡಿನ ಆನಮಲೈ ಬೆಟ್ಟಗಳಲ್ಲಿ, ವಾಲ್ಪಾರೈ ಎಂಬ ಊರಿನ ಸುತ್ತ ನಡೆದಿದೆ. ಪೊಳ್ಳಾಚಿಯಿಂದ ಆಳಿಯಾರ್ ದಾಟಿ 40 ತಿರುವುಗಳ ಘಾಟಿ ಹತ್ತಿದರೆ ಅಲ್ಲಿ ತಲುಪುತ್ತೀರಿ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಅಲ್ಲಿಯ ಮಳೆಕಾಡನ್ನು ಕಡಿದು ಕಾಫಿ, ಚಹಾ ತೋಟ ಮಾಡಿದರು. ಈಗ ಸುತ್ತಲೂ ಆನಮಲೈ, ಪರಂಬಿಕುಳಂ ಹುಲಿ ಮೀಸಲುಗಳ ದೊಡ್ಡ ಕಾಡು, ನಡುವೆ ಚಹಾದ ಹಸಿರು ಚಾಪೆ, ಆ ಚಾಪೆಯ ಮೇಲೆ ಅಲ್ಲಲ್ಲಿ ಉಳಿದ ಮಳೆಕಾಡಿನ ತುಂಡುಗಳು. ಸಿಂಗಳೀಕಗಳೂ ದೊಡ್ಡ ಮಂಗಟ್ಟೆಗಳೂ ಈ ತುಂಡುಗಳನ್ನೇ ಆಶ್ರಯಿಸಿವೆ. ಹಲವು ತುಂಡುಗಳು ಖಾಸಗಿ ತೋಟದ ಕಂಪನಿಗಳ ಜಾಗದಲ್ಲಿವೆ. ಅಂದರೆ ಅರಣ್ಯ ಇಲಾಖೆಯ ಬೇಲಿಯೊಳಗೆ ಮಾತ್ರ ನೋಡಿಕೊಂಡರೆ ಇವು ಉಳಿಯುವುದಿಲ್ಲ. ಕೊಡಗಿನವರಿಗೆ, ಮೂಡಿಗೆರೆ ಸಕಲೇಶಪುರದವರಿಗೆ ಈ ಚಿತ್ರ ಹೊಸದೇನಲ್ಲ.

ಈ ತುಂಡುಗಳನ್ನು ಮತ್ತೆ ಕಾಡಾಗಿಸುವ ಕೆಲಸವನ್ನು ದಿವ್ಯಾ ಮುಡಪ್ಪ ಮತ್ತು ಟಿ.ಆರ್. ಶಂಕರ್ ರಾಮನ್ ಎಂಬ ವನ್ಯಜೀವಿ ವಿಜ್ಞಾನಿಗಳು 2000ದ ದಶಕದ ಆರಂಭದಲ್ಲಿ ತೋಟದ ಕಂಪನಿಗಳನ್ನೂ ಜೊತೆಗಿಟ್ಟುಕೊಂಡು ಶುರುಮಾಡಿದರು. ಇಪ್ಪತ್ತು ವರ್ಷಕ್ಕೂ ಮೀರಿ ಅದು ನಡೆದುಬಂದಿದೆ. ನೆಟ್ಟದ್ದು ಏನಾಯಿತೆಂದು ಹಿಂದಿರುಗಿ ಅಳೆಯಲು ಸಾಧ್ಯವಾದದ್ದು ಇಷ್ಟು ಕಾಲ ಒಂದೇ ಜಾಗದಲ್ಲಿ ನಿಂತದ್ದರಿಂದಲೇ.

ಮಳೆಕಾಡನ್ನು ಮತ್ತೆ ಬೆಳೆಸುವುದು ಹೇಗೆ?

ಮೊದಲು ಬೀಜ. ಸುತ್ತಲಿನ ಕಾಡಿನಲ್ಲಿ ಯಾವ ಮರಗಳಿವೆಯೋ ಅವುಗಳದ್ದೇ ಬೀಜವನ್ನು ರಸ್ತೆ ಬದಿಯಲ್ಲಿ, ಅಂದರೆ ಬಿದ್ದರೂ ಗಿಡವಾಗಿ ಬದುಕಲಾರದ ಕಡೆ, ಆರಿಸುತ್ತಾರೆ. ನರ್ಸರಿಯಲ್ಲಿ ನೂರಕ್ಕೂ ಹೆಚ್ಚು ಜಾತಿಯ ಸಸಿಗಳಿರುತ್ತವೆ. ನೆಡುವ ಜಾಗದಲ್ಲಿ ಲಂಟಾನದಂಥ ಕಳೆಯನ್ನು ಕೀಳುತ್ತಾರೆ, ಆದರೆ ಅದರ ಅಡಿಯಲ್ಲಿ ತಾನಾಗಿ ಹುಟ್ಟಿಕೊಂಡ ಕಾಡುಸಸಿಯನ್ನು ಮುಟ್ಟುವುದಿಲ್ಲ. ಹೇಳುವಷ್ಟು ಸುಲಭದ ಕೆಲಸವಲ್ಲ ಇದು: ಮೊಣಕಾಲುದ್ದದ ಸಸಿಯ ಎಲೆ ನೋಡಿ ಇದು ಯಾವ ಮರ ಎಂದು ಗುರುತಿಸಬಲ್ಲ ಕಣ್ಣು ಬೇಕು. ಮಳೆ ಹಿಡಿದ ಮೇಲೆ ಹಲವು ಜಾತಿಗಳನ್ನು ಬೆರೆಸಿ ನೆಡುತ್ತಾರೆ, ಆಮೇಲೆ ಎರಡು ಮೂರು ವರ್ಷ ಕಳೆ ತೆಗೆಯುತ್ತಲೇ ಇರುತ್ತಾರೆ. ನಮ್ಮ ಬಹುಪಾಲು ವನಮಹೋತ್ಸವಗಳು ಸೋಲುವುದು ಇಲ್ಲೇ. ನೆಟ್ಟ ದಿನದ ಫೋಟೊ ಇರುತ್ತದೆ, ಮುಂದಿನ ವರ್ಷ ಕತ್ತಿ ಹಿಡಿದು ಕಳೆ ಸವರಲು ಆಳಿಲ್ಲ.

ಸುಮ್ಮನೆ ಬಿಟ್ಟರೆ ಕಾಡು ತಾನೇ ಬೆಳೆಯುವುದಿಲ್ಲವೇ?

ಬೆಳೆಯುತ್ತದೆ, ಎಷ್ಟೋ ಕಡೆ ಅದೇ ಒಳ್ಳೆಯ ದಾರಿ ಕೂಡ. ಹೊಳೆಯಂಚಿನ ಬೇಣವನ್ನು, ಅಂದರೆ ಹುಲ್ಲು ಬೆಳೆಯುವ ಪಾಳುಜಾಗವನ್ನು, ಹತ್ತು ವರ್ಷ ದನಕ್ಕೂ ಬೆಂಕಿಗೂ ಸಿಗದಂತೆ ಬಿಟ್ಟು ನೋಡಿ, ಹಕ್ಕಿಗಳು ತಂದು ಹಾಕಿದ ಬೀಜವೇ ಎಷ್ಟು ಜಾತಿಯ ಗಿಡವಾಗಿರುತ್ತದೆ.

ಇದೇ ಪ್ರಶ್ನೆ ಇಟ್ಟುಕೊಂಡು ಓಸುರಿಯವರ ತಂಡ 2019ರಲ್ಲಿ ವಾಲ್ಪಾರೈ ಅಧ್ಯಯನವನ್ನು ಪ್ರಕಟಿಸಿತು. 7ರಿಂದ 15 ವರ್ಷ ಹಿಂದೆ ಸಸಿ ನೆಟ್ಟ ಜಾಗ, ಅಂಥದ್ದೇ ಸ್ಥಿತಿಯಲ್ಲಿದ್ದು ತಾನಾಗಿ ಚಿಗುರಲು ಬಿಟ್ಟ ಜಾಗ, ಹಾಳಾಗದ ಮೂಲ ಮಳೆಕಾಡು, ಈ ಮೂರನ್ನೂ ಹೋಲಿಸಿ ನೋಡಿದರು. ನೆಟ್ಟ ಜಾಗದಲ್ಲಿ ನೆರಳು, ಮರಗಳ ಜಾತಿ, ಇಂಗಾಲ ಎಲ್ಲವೂ ಬಿಟ್ಟ ಜಾಗಕ್ಕಿಂತ ಹೆಚ್ಚಾಗಿದ್ದವು. ಆದರೂ ಮೂಲ ಕಾಡನ್ನು ಮುಟ್ಟಲು ಇನ್ನೂ ಬಹಳ ದೂರವಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ: ದೊಡ್ಡ ಕಾಡಿನಿಂದ ದೂರ ಹೋದಷ್ಟೂ ನೆಟ್ಟದ್ದರ ಪ್ರಯೋಜನ ಹೆಚ್ಚು. ಕಾಡಿನ ಮಗ್ಗುಲಲ್ಲಿದ್ದರೆ ಬೀಜ ತಾನೇ ಬಂದು ಬೀಳುತ್ತದೆ. ದೂರದ ತುಂಡಿಗೆ ಬೀಜ ತರುವವರು ಯಾರು? ಅಲ್ಲಿ ಮನುಷ್ಯನೇ ಹೊತ್ತು ತರಬೇಕು. ಹಣವೂ ಆಳೂ ಕಡಿಮೆ ಇರುವಾಗ ಎಲ್ಲಿ ಕಾವಲು ಸಾಕು, ಎಲ್ಲಿ ಸಸಿ ಬೇಕು ಎಂದು ತೀರ್ಮಾನಿಸಲು ಇದಕ್ಕಿಂತ ಉಪಯೋಗದ ಮಾಹಿತಿ ಬೇರೆ ಇಲ್ಲ.

ಒಂದು ಮರದಲ್ಲಿ ಇಷ್ಟೇ ಇಂಗಾಲ ಇದೆ ಎಂದು ಹೇಳುವುದು ಹೇಗೆ? ಕಡಿದು ತೂಗುತ್ತಾರೆಯೇ?

ಹಿಂದೆ ಬೇರೆ ಬೇರೆ ಕಾರಣಕ್ಕೆ ಕಡಿದು ತೂಗಿದ ಮರಗಳ ಲೆಕ್ಕ ನಮ್ಮ ಕೈಯಲ್ಲಿದೆ. ಉಷ್ಣವಲಯದ ಅಂಥ 4,004 ಮರಗಳ ಮಾಹಿತಿಯಿಂದ ಕಟ್ಟಿದ ಸೂತ್ರವೊಂದು 2014ರಲ್ಲಿ ಪ್ರಕಟವಾಯಿತು. ಕಾಂಡದ ದಪ್ಪ, ಮರದ ಎತ್ತರ, ಕಟ್ಟಿಗೆಯ ಸಾಂದ್ರತೆ, ಈ ಮೂರು ಗೊತ್ತಾದರೆ ನೆಲದ ಮೇಲಿನ ಒಣತೂಕ ಅಂದಾಜಿಗೆ ಸಿಗುತ್ತದೆ. ದಪ್ಪವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಅಳೆಯುತ್ತಾರೆ. ಒಣತೂಕದ ಸುಮಾರು 47% ಇಂಗಾಲ.

ಒಂದು ಲೆಕ್ಕ ಮಾಡಿಯೇ ನೋಡೋಣ. 30 ಸೆಂಟಿಮೀಟರ್ ದಪ್ಪ (ಸುತ್ತಳತೆ ಸುಮಾರು 94 ಸೆಂಟಿಮೀಟರ್), 20 ಮೀಟರ್ ಎತ್ತರ, ಸಾಂದ್ರತೆ 0.6 (ಘನ ಸೆಂಟಿಮೀಟರಿಗೆ 0.6 ಗ್ರಾಂ) ಇರುವ ಮರ. ಒಣತೂಕ ಸುಮಾರು 580 ಕಿಲೊ, ಅದರಲ್ಲಿ ಇಂಗಾಲ 273 ಕಿಲೊ. ಅಂದರೆ ಗಾಳಿಯಿಂದ ಅದು ಹೀರಿದ ಇಂಗಾಲದ ಡೈಆಕ್ಸೈಡ್, ಅದರಲ್ಲಿರುವ ಆಮ್ಲಜನಕದ ತೂಕವೂ ಸೇರಿ, ಹೆಚ್ಚುಕಡಿಮೆ ಒಂದು ಟನ್. ಲೀಟರಿಗೆ 15 ಕಿಲೊಮೀಟರ್ ಓಡುವ ಪೆಟ್ರೋಲ್ ಕಾರು ಸುಮಾರು 6,500 ಕಿಲೊಮೀಟರ್ ಓಡಿದರೆ ಅಷ್ಟೇ ಹೊಗೆ ಬಿಡುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಒಂಬತ್ತು ಸಲ ಹೋಗಿ ಬಂದರೆ ಆ ಮರದ ಇಡೀ ಆಯುಸ್ಸಿನ ದುಡಿಮೆ ಕರಗಿಹೋಯಿತು.

ಇನ್ನೊಂದು ಮರ: ದಪ್ಪ 60 ಸೆಂಟಿಮೀಟರ್, ಎತ್ತರ 30 ಮೀಟರ್, ಸಾಂದ್ರತೆ ಅಷ್ಟೇ. ದಪ್ಪ ಎರಡು ಪಟ್ಟಾಗಿದೆ, ಎತ್ತರ ಒಂದೂವರೆ ಪಟ್ಟಾಗಿದೆ. ತೂಕ ಮಾತ್ರ 3,300 ಕಿಲೊ ದಾಟಿ ಆರು ಪಟ್ಟಿಗೆ ಹತ್ತಿರವಾಗಿದೆ. ರಸ್ತೆ ಅಗಲೀಕರಣಕ್ಕೆ ಹಳೆಯ ಹೆಮ್ಮರ ಉರುಳಿಸಿ ಬದಲಿಗೆ ಹತ್ತು ಸಸಿ ನೆಡುತ್ತೇವೆ ಎಂದು ಯಾರಾದರೂ ಹೇಳಿದಾಗ ಈ ಲೆಕ್ಕವನ್ನು ಅವರ ಮುಂದಿಡಿ.

ತೇಗ, ನೀಲಗಿರಿ ಬೇಗ ಬೆಳೆಯುತ್ತವಲ್ಲ? ಇಂಗಾಲವೇ ಮುಖ್ಯವಾದರೆ ಅವನ್ನೇ ನೆಡಬಾರದೇಕೆ?

ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು, ನ್ಯಾಯವಾದದ್ದೂ ಹೌದು. ಓಸುರಿ ಅವರು ಶಂಕರ್ ರಾಮನ್ ಹಾಗೂ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಮುಂತಾದೆಡೆಯ ವಿಜ್ಞಾನಿಗಳ ಜೊತೆಗೂಡಿ ಇದನ್ನೇ ಅಳೆದು 2020ರಲ್ಲಿ ಪ್ರಕಟಿಸಿದರು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡು, ಎಲೆ ಉದುರುವ ಕಾಡು, ತೇಗ ಮತ್ತು ನೀಲಗಿರಿ ನೆಡುತೋಪುಗಳಲ್ಲಿ ಮರಗಳನ್ನು ಅಳೆದರು. ಜೊತೆಗೆ 2000ದಿಂದ 2018ರವರೆಗಿನ ಉಪಗ್ರಹ ಮಾಹಿತಿ ಇಟ್ಟುಕೊಂಡು ಯಾವ ಕಾಡು ಯಾವ ಕಾಲದಲ್ಲಿ ಎಷ್ಟು ಇಂಗಾಲ ಹೀರುತ್ತದೆ ಎಂದು ನೋಡಿದರು.

ಕೂಡಿಟ್ಟ ಇಂಗಾಲದಲ್ಲಿ ನೆಡುತೋಪುಗಳು ನಿತ್ಯಹರಿದ್ವರ್ಣ ಕಾಡಿಗಿಂತ 30ರಿಂದ 50% ಹಿಂದೆ ಇದ್ದವು. ಎಲೆ ಉದುರುವ ಕಾಡಿಗೂ ಅವಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಮಳೆಗಾಲದಲ್ಲಿ ತೋಪುಗಳು ಇಂಗಾಲ ಹೀರುವ ವೇಗ ಕಾಡಿಗಿಂತ 4ರಿಂದ 9% ಹೆಚ್ಚೇ ಇತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬೇಸಿಗೆ ಬಂತೆಂದರೆ ಅದೇ ವೇಗ ಕಾಡಿಗಿಂತ 29% ವರೆಗೂ ಕುಸಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷಗಳಲ್ಲಿ ತೋಪುಗಳು ಇನ್ನೂ ಸೋತವು, ಹಲವು ಜಾತಿಯ ಕಾಡು ವರ್ಷದಿಂದ ವರ್ಷಕ್ಕೆ ಅಷ್ಟೊಂದು ಅಲುಗಾಡಲಿಲ್ಲ.

ಯಾಕೆ ಹೀಗೆ? ಬಯಲುಸೀಮೆಯ ರೈತರಿಗೆ ವಿವರಿಸುವ ಅಗತ್ಯವೇ ಇಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಬಿತ್ತುವುದು ಯಾತಕ್ಕೆ? ಮುಂಗಾರು ಕೈಕೊಟ್ಟು ರಾಗಿ ಸೊರಗಿದರೆ ಅವರೆ ಕೈಹಿಡಿಯುತ್ತದೆ. ಕಾಡಿನಲ್ಲಿ ಒಂದು ಮರದ ಬೇರು ಆಳ, ಇನ್ನೊಂದರದ್ದು ಮೇಲೆಮೇಲೆ. ಒಂದು ಮಾಘದಲ್ಲಿ ಎಲೆ ಉದುರಿಸಿದರೆ ಇನ್ನೊಂದು ಆಗ ಚಿಗುರುತ್ತದೆ. ಬರ ಬಂದರೆ ಎಲ್ಲವೂ ಒಟ್ಟಿಗೆ ಬಾಡುವುದಿಲ್ಲ. ಒಂದೇ ಜಾತಿಯ ತೋಪಿನಲ್ಲಿ ಬಾಡಿದರೆ ಎಲ್ಲವೂ ಬಾಡುತ್ತವೆ. ಮುಂದಿನ ದಿನಗಳಲ್ಲಿ ಮಳೆ ಇನ್ನಷ್ಟು ಏರುಪೇರಾಗುವುದರಿಂದ ಇವತ್ತಿನ ಮಳೆಗಾಲದ ವೇಗವೊಂದನ್ನೇ ನೋಡಿ ಜಾತಿ ಆರಿಸುವುದು ಸರಿಯಲ್ಲ.

ಇನ್ನೂ ಒಂದು ಮಾತು. ನೆಡುತೋಪು ಕಡಿಯಲೆಂದೇ ಬೆಳೆಸಿದ್ದು. ಕಡಿದು ಕಾಗದ ಮಾಡಿ, ಕಾಗದ ಸುಟ್ಟ ಮೇಲೆ ಹೀರಿದ ಇಂಗಾಲ ಗಾಳಿಗೇ ವಾಪಸು.

ಪ್ರಾಣಿ ಪಕ್ಷಿಗಳಿಗೂ ಇಂಗಾಲಕ್ಕೂ ಏನು ಸಂಬಂಧ?

ರಾಮಪತ್ರೆಯ ಕಾಯಿ ಬಿರಿದಾಗ ಒಳಗಿನ ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಅದನ್ನು ನುಂಗುತ್ತದೆ. ಪತ್ರೆ ಅರಗಿಸಿಕೊಂಡು ಬೀಜವನ್ನು ಇನ್ನೆಲ್ಲೋ ಉಗುಳುತ್ತದೆ. ಅಷ್ಟು ದೊಡ್ಡ ಬೀಜವನ್ನು ಗುಬ್ಬಿಗಾತ್ರದ ಹಕ್ಕಿ ನುಂಗಲಾರದು. ಹಲಸಿನ ಬೀಜಕ್ಕೆ ಆನೆ ಇದ್ದ ಹಾಗೆ, ದೊಡ್ಡ ಬೀಜದ ಮರಕ್ಕೆ ದೊಡ್ಡ ಬಾಯಿಯೇ ಬೇಕು. ಇಂಥ ದೊಡ್ಡ ಬೀಜದ ಮರಗಳಲ್ಲಿ ಬಹಳಷ್ಟು ಗಟ್ಟಿ ಕಟ್ಟಿಗೆಯವು, ಎತ್ತರಕ್ಕೆ ಹೋಗುವವು. ಹಿಂದಿನ ಲೆಕ್ಕ ನೆನಪಿದ್ದರೆ, ಸಾಂದ್ರತೆ ಹೆಚ್ಚಿದಷ್ಟೂ ಇಂಗಾಲ ಹೆಚ್ಚು.

ಬೇಟೆಯಿಂದ ಈ ಪ್ರಾಣಿಗಳು ಇಲ್ಲವಾಗಿ, ಕಾಲಕ್ರಮದಲ್ಲಿ ಅವುಗಳನ್ನು ನಂಬಿದ ಮರಗಳೂ ಇಲ್ಲವಾದರೆ ಏನಾಗುತ್ತದೆ? 2016ರಲ್ಲಿ ಓಸುರಿ ಮತ್ತು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮಹೇಶ್ ಶಂಕರನ್ ಮುಂತಾದವರು ಹಲವು ಖಂಡಗಳ ಉಷ್ಣವಲಯದ ಕಾಡುಗಳ ಮಾಹಿತಿ ಕೂಡಿಸಿ ಇದನ್ನು ಲೆಕ್ಕ ಹಾಕಿದರು. ಅಮೆರಿಕ ಖಂಡಗಳು, ಆಫ್ರಿಕಾ ಮತ್ತು ನಮ್ಮ ದಕ್ಷಿಣ ಏಷ್ಯಾದಲ್ಲಿ ಇಂಗಾಲ ಕುಸಿಯುತ್ತದೆ. ಆಗ್ನೇಯ ಏಷ್ಯಾದಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಅಲ್ಲಿಯ ದೊಡ್ಡ ಮರಗಳಲ್ಲಿ ಹಲವು ಗಾಳಿಯಿಂದ, ಇಲ್ಲವೇ ತಾವೇ ಉದುರಿ ಬೀಜ ಹರಡುವವು.

ಹಾಗಾಗಿ ದಾಂಡೇಲಿಯ ಕಾಡಿನಲ್ಲಿ ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡು ಕಾವಿಗೆ ಕೂತ ಹೆಣ್ಣು ಮಂಗಟ್ಟೆಯೂ, ಅದಕ್ಕೆ ಹಣ್ಣು ಹೊತ್ತು ತರುವ ಗಂಡೂ ಹವಾಮಾನದ ಕೆಲಸವನ್ನೇ ಮಾಡುತ್ತಿವೆ. ಮರಗಳಿದ್ದೂ ಪ್ರಾಣಿಗಳಿಲ್ಲದ ಕಾಡು ಹೊರನೋಟಕ್ಕೆ ಹಸಿರಾಗಿಯೇ ಇರುತ್ತದೆ, ಅದರ ಮುಂದಿನ ತಲೆಮಾರು ಮಾತ್ರ ಹುಟ್ಟುವುದಿಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅರಣ್ಯ ಪ್ರದೇಶ ಹೆಚ್ಚುತ್ತಿದೆ ಎಂದು ಸರ್ಕಾರದ ವರದಿ ಹೇಳುತ್ತದಲ್ಲ?

ಭಾರತೀಯ ಅರಣ್ಯ ಸಮೀಕ್ಷೆಯ 2023ರ ವರದಿಯಂತೆ ದೇಶದ 25.17% ನೆಲ ಅರಣ್ಯ ಮತ್ತು ಮರಗಳ ಹೊದಿಕೆಯಲ್ಲಿದೆ. ಆ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ಹೆಚ್ಚಿರುವ, 10% ಮರದ ನೆರಳಿರುವ ಯಾವ ಜಾಗವೂ ಅರಣ್ಯ ಹೊದಿಕೆಯೇ. ಯಾರ ಜಾಗ, ಯಾವ ಮರ ಎಂಬ ಪ್ರಶ್ನೆ ಅಲ್ಲಿಲ್ಲ. ಅಕೇಶಿಯಾ ತೋಪೂ ಸೇರುತ್ತದೆ, ಮಲೆನಾಡಿನ ಹಳೆಯ ನಿತ್ಯಹರಿದ್ವರ್ಣ ಕಾಡಾದ ಕಾನೂ ಸೇರುತ್ತದೆ. ಒಂದು ಕಡೆ ಕಾನು ಹೋಗಿ ಇನ್ನೊಂದು ಕಡೆ ತೋಪು ಬಂದರೆ ಒಟ್ಟು ಅಂಕಿ ಅಲುಗುವುದಿಲ್ಲ. ಜಗತ್ತಿನ ಮಟ್ಟದಲ್ಲೂ ಇದೇ ಕಥೆ: ಹಾಳಾದ ಕಾಡನ್ನು ಮತ್ತೆ ಬೆಳೆಸುವ ಜಾಗತಿಕ ಕರೆಯಾದ ಬಾನ್ ಚಾಲೆಂಜ್ ಅಡಿ ದೇಶಗಳು ಕೊಟ್ಟ ಕಾಡು ಬೆಳೆಸುವ ವಚನಗಳನ್ನು 2019ರಲ್ಲಿ ಪರಿಶೀಲಿಸಿದಾಗ 45% ಜಾಗ ಏಕಜಾತಿ ನೆಡುತೋಪಿಗೆಂದೇ ಮೀಸಲಾಗಿತ್ತು. ಆ ಕರೆಯಡಿ ಭಾರತದ ಗುರಿ 2030ರೊಳಗೆ 2.6 ಕೋಟಿ ಹೆಕ್ಟೇರ್. ಇಷ್ಟು ದೊಡ್ಡ ಗುರಿಯಲ್ಲಿ ಯಾವ ಮರ ಎಂಬ ಪ್ರಶ್ನೆ ಬಿಟ್ಟುಹೋಗಬಾರದು.

ಬರಡು, ಖಾಲಿ ಜಾಗದಲ್ಲೆಲ್ಲ ಮರ ಬೆಳೆಸಿದರೆ ಒಳ್ಳೆಯದಲ್ಲವೇ?

ಖಾಲಿ ಎಂದು ಕಾಣುವುದೆಲ್ಲ ಖಾಲಿಯಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿ ನೋಡಿ. ಹುಲ್ಲು, ಕುರುಚಲಿನ ಬಯಲದು. ಕೃಷ್ಣಮೃಗ ಓಡಲು ಬಯಲು ಬೇಕು, ಎರೆಭೂತ ಹಕ್ಕಿ ಮೊಟ್ಟೆ ಇಡಲು ಬಯಲು ಬೇಕು. ಅಲ್ಲಿ ದೊಡ್ಡ ಪ್ರಮಾಣದಲ್ಲಿ ನೀಲಗಿರಿ ನೆಟ್ಟರು. ಎರೆಭೂತ ಈಗ ಅಲ್ಲಿಲ್ಲ, ರಾಜ್ಯದಲ್ಲಿ ಸಿರಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಕುದುರೆಮುಖದ ಶೋಲಾ ಹುಲ್ಲುಗುಡ್ಡಗಳೂ ಹಾಗೆಯೇ, ಯಾರೋ ಕಾಡು ಕಡಿದದ್ದರಿಂದ ಆದವಲ್ಲ, ಸಾವಿರಾರು ವರ್ಷಗಳಿಂದ ಇರುವವು. ಹುಲ್ಲುಗಾವಲಿನ ಇಂಗಾಲದಲ್ಲಿ ಹೆಚ್ಚಿನ ಪಾಲು ಮಣ್ಣಿನಲ್ಲಿ, ಬೇರಿನಲ್ಲಿ ಇರುತ್ತದೆ. ಬೆಂಕಿ ಬಿದ್ದರೆ ಹುಲ್ಲು ಸುಡುತ್ತದೆ, ಬೇರು ಉಳಿದು ಮಳೆಗೆ ಮತ್ತೆ ಚಿಗುರುತ್ತದೆ. ಮಳೆಕಾಡಿದ್ದ ಕಡೆ ಮಳೆಕಾಡು, ಹುಲ್ಲಿದ್ದ ಕಡೆ ಹುಲ್ಲು.

ಕಾಫಿ ತೋಟದ ಸಿಲ್ವರ್ ಓಕ್ ಕಾಡಿನ ಮರಕ್ಕೆ ಸಮವೇ?

ಅಲ್ಲ. ಆಸ್ಟ್ರೇಲಿಯಾದ ಮರ ಅದು, ಬೇಗ ಬೆಳೆಯುತ್ತದೆ, ಮೆಣಸು ಹಬ್ಬಿಸಲು ನೇರ ಕಾಂಡ ಕೊಡುತ್ತದೆ. ಬೆಳೆಗಾರರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ತಮ್ಮದೇ ತೋಟದ ನಂದಿ, ಹೊನ್ನೆ, ಬೀಟೆ ಕಡಿಯಲು ಅನುಮತಿಗಾಗಿ ಅಲೆಯಬೇಕು, ಸಿಲ್ವರ್ ಓಕಿಗೆ ಆ ತಾಪತ್ರಯವಿಲ್ಲ. ಊರ ಮರ ಬೆಳೆಸಿದವರಿಗೆ ತೊಡಕು, ಹೊರಗಿನ ಮರ ಬೆಳೆಸಿದವರಿಗೆ ಅನುಕೂಲ, ಇಂಥ ನಿಯಮ ಬದಲಾಗದೆ ನೆರಳಿನ ಜಾತಿಗಳು ಉಳಿಯುವುದು ಕಷ್ಟ.

ಕಾರ್ಬನ್ ಕ್ರೆಡಿಟ್‌ನಿಂದ ರೈತರಿಗೆ ದುಡ್ಡು ಬರುತ್ತದಂತೆ, ನಿಜವೇ?

ಬರಬಹುದು. ಮರಗಳು ಹೀರಿದ ಇಂಗಾಲವನ್ನು ಲೆಕ್ಕ ಹಾಕಿ, ಹೊಗೆ ಬಿಡುವ ಕಂಪನಿಗಳಂಥವರಿಗೆ ಮಾರುವುದೇ ಕಾರ್ಬನ್ ಕ್ರೆಡಿಟ್. ಕರಾರಿಗೆ ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿಕೊಳ್ಳಿ. ಈ ದುಡ್ಡಿಲ್ಲದಿದ್ದರೂ ಈ ಮರ ಬೆಳೆಯುತ್ತಿತ್ತೇ? ಹಾಗಾದರೆ ಗಾಳಿಗೆ ಹೊಸ ಲಾಭವಿಲ್ಲ. ಇಲ್ಲಿ ಕಡಿಯುವುದನ್ನು ನಿಲ್ಲಿಸಿದ್ದಕ್ಕೆ ಪಕ್ಕದ ಗುಡ್ಡದಲ್ಲಿ ಕಡಿಯುತ್ತಾರೆಯೇ? ಬೆಂಕಿ ಬಿದ್ದು ಮರ ಹೋದರೆ ಹೊಣೆ ಯಾರದು? 2019ರ ಫೆಬ್ರುವರಿಯಲ್ಲಿ ಬಂಡೀಪುರ ಉರಿದದ್ದನ್ನು ನೋಡಿದವರಿಗೆ ಮೂರನೆಯ ಪ್ರಶ್ನೆಯ ತೂಕ ಗೊತ್ತು. ಕರಾರಿನ ಅವಧಿ ಎಷ್ಟು ವರ್ಷ, ಅಷ್ಟು ವರ್ಷ ಜಾಗದ ಮೇಲೆ ನಿಮ್ಮ ಹಕ್ಕು ಏನಾಗುತ್ತದೆ ಎಂಬುದನ್ನೂ ಕನ್ನಡದಲ್ಲಿ ಬರೆಸಿಕೊಂಡು ಓದಿ.

ಕಾಡು ಬೆಳೆಸಿದರೆ ಹವಾಮಾನದ ಸಮಸ್ಯೆ ಮುಗಿಯುತ್ತದೆಯೇ?

ಇಲ್ಲ. ಕಲ್ಲಿದ್ದಲು, ಪೆಟ್ರೋಲು, ಅನಿಲ ಸುಟ್ಟು ಜಗತ್ತು ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಿದೆ. ಅದನ್ನು ಇಳಿಸದೆ ಮರಗಳ ಮೇಲೆ ಭಾರ ಹಾಕಿದರೆ ಮರಗಳೇ ಬಿಸಿಗೆ, ಬರಕ್ಕೆ ಸೋಲುತ್ತವೆ.

ನಮ್ಮ ಊರಿನಲ್ಲಿ ನಾವೇ ಏನಾದರೂ ಮಾಡಬೇಕೆಂದಿದ್ದೇವೆ. ಎಲ್ಲಿಂದ ಶುರುಮಾಡುವುದು?

ಮೊದಲು ಉಳಿದಿರುವ ಕಾನು, ದೇವರಕಾಡಿನ ಸುತ್ತ ನಡೆದು ನೋಡಿ. ಅಲ್ಲಿ ಯಾವ ಮರಗಳಿವೆ ಎಂದು ಊರಿನ ಹಿರಿಯರ ಜೊತೆ ಕೂತು ಪಟ್ಟಿ ಮಾಡಿ. ಅದೇ ನಿಮ್ಮ ನರ್ಸರಿಯ ಪಟ್ಟಿ. ಕಾನಿನ ಅಂಚಿಗೇ ತಾಗಿದ ಜಾಗವಾದರೆ ಬೆಂಕಿ, ದನ ಬಾರದಂತೆ ಕಾಯ್ದರೆ ಸಾಕಾಗಬಹುದು, ಒಂದು ಸಸಿಯನ್ನೂ ನೆಡಬೇಕಾಗಿಲ್ಲ.

ನೆಡಲೇಬೇಕಾದ ಜಾಗವಾದರೆ ಬೀಜದ ವಿಷಯದಲ್ಲಿ ಎಚ್ಚರ. ಮಳೆಕಾಡಿನ ಹಲವು ಬೀಜಗಳನ್ನು ಧಾನ್ಯದ ಹಾಗೆ ಒಣಗಿಸಿ ಡಬ್ಬದಲ್ಲಿಡಲು ಬರುವುದಿಲ್ಲ, ಒಣಗಿದರೆ ಸಾಯುತ್ತವೆ. ಹಲಸು, ರಾಮಪತ್ರೆಗಳನ್ನು ಬಿದ್ದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕಬೇಕು. ಉಪ್ಪಾಗೆ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ, ಬರಲಿಲ್ಲವೆಂದು ಪಾತಿ ಅಗೆದುಬಿಡಬೇಡಿ. ಅರಣ್ಯದೊಳಗಿನ ಬೀಜಕ್ಕೆ ಇಲಾಖೆಯ ಅನುಮತಿ ಕೇಳಿ, ರಸ್ತೆ ಬದಿಯದ್ದೇ ಬೇಕಾದಷ್ಟು ಸಿಗುತ್ತದೆ.

ಸಾವಿರ ಸಸಿಯ ಆಸೆಗೆ ಬೀಳದೆ, ಮೂರು ವರ್ಷ ಕಳೆ ತೆಗೆಯಲು ನಿಮ್ಮಿಂದ ಆಗುವಷ್ಟೇ ಜಾಗ ಆರಿಸಿಕೊಳ್ಳಿ. ಪ್ರತಿ ಸಸಿಗೂ ಒಂದು ಸಂಖ್ಯೆ ಕೊಟ್ಟು ಶಾಲೆಯ ಮಕ್ಕಳ ಕೈಗೆ ನೋಟ್‌ಬುಕ್ಕು, ದರ್ಜಿಯ ಟೇಪು ಕೊಡಿ. ಪ್ರತಿವರ್ಷ ಮಳೆ ನಿಂತ ಮೇಲೆ ಯಾವುದು ಬದುಕಿದೆ, ಎಷ್ಟು ಎತ್ತರ, ಎಷ್ಟು ಸುತ್ತಳತೆ ಎಂದು ಬರೆದಿಡಲಿ. ಸತ್ತದ್ದನ್ನೂ ಬಿಡದೆ ಬರೆಯಲಿ, ಯಾವ ಜಾತಿ ಎಲ್ಲಿ ಬಾಳುವುದಿಲ್ಲ ಎಂಬುದು ಅದರಿಂದಲೇ ಗೊತ್ತಾಗುವುದು. ಮೂರನೇ ಮಳೆಗಾಲ ಕಳೆದ ಮೇಲಿನ ಲೆಕ್ಕ ನೋಡಿಕೊಂಡು ಪಕ್ಕದ ಜಾಗಕ್ಕೆ ಕೈಹಾಕಿ.